ನ್ಯಾಯಪೀಠವೂ ವ್ಯಾಸಪೀಠವೂ

ವ್ಯವಹಾರಗಳನ್ನು ವಿಚಾರಿಸಿ ನಿರ್ಣಯ ಹೇಳುವವನನ್ನು ನಮ್ಮ ಧರ್ಮಶಾಸ್ತ್ರಕಾರರು ಪ್ರಾಡ್ವಿವಾಕನೆಂದು ಕರೆದರು. ವಾದಿಪ್ರತಿವಾದಿಗಳನ್ನು ಪ್ರಶ್ನಿಸುವುದರಿಂದ ಆತನು ಪ್ರಾಟ್. ಅವರ ಮಾತುಗಳಲ್ಲಿ ಒಂದಕ್ಕೊಂದು ಹೊಂದುವುದಾವುದು, ಹೊಂದದುದಾವುದು ಎಂಬುದನ್ನು ಸಭ್ಯರೊಡನೆ ವಿವೇಚಿಸುವುದರಿಂದ ವಿವಾಕ. ವ್ಯಾಖ್ಯಾನಕಾರರು ಆ ಪದವನ್ನು ಹೀಗೆ ಬಿಡಿಸುತ್ತಾರೆ. ಪ್ರಶ್ನೆ, ವಿವೇಚನೆ ಎಂಬ ಈ ಎರಡು ಕಾರ್ಯಗಳೂ ಉಪಾಧ್ಯಾಯನಿಗೂ ಸೇರಿದವೇ ಆದುದರಿಂದ ನ್ಯಾಯಾಧಿಪತಿಯೂ ಗುರುವೂ ಒಂದೇ ಮನೆಯವರೆಂದು ಮೊದಲ ನೋಟಕ್ಕೆ ತೋರುವುದು. ಆದರೆ ಅವರಿಬ್ಬರಲ್ಲಿ ಒಂದು ದೊಡ್ಡ ಭೇದವಿದೆ. ನ್ಯಾಯಾಧಿಪತಿಯ ಪ್ರಶ್ನೆಗೆ ಒಂದು ದಿನ ಕೊನೆಯಾಗಲೇಬೇಕು. ಸಂಶಯವು ಒಳ್ಳೆಯದೆಂದು ಹೇಳಿ ಆತನು ಕಕ್ಷಿಗಾರರನ್ನು ವರ್ಷಗಟ್ಟಲೆ ಬಾಗಿಲಲ್ಲಿ ನಿಲ್ಲಿಸುವ ಹಾಗಿಲ್ಲ. ಗುರುವಾದರೋ, ಸಂಶಯಗಳನ್ನೆಲ್ಲ ತಾನೇ ಮುಗಿಸಿ ಕೈಗಿತ್ತರೆ ಶಿಷ್ಯರು ಗಿಳಿಗಳಾಗಿ ಉಳಿಯುವರು. ಒಬ್ಬನು ಬಾಗಿಲನ್ನು ಮುಚ್ಚಬೇಕಾದವನು, ಮತ್ತೊಬ್ಬನು ತೆರೆಯಬೇಕಾದವನು. ಈ ಎರಡು ಕರ್ತವ್ಯಗಳೂ ಒಬ್ಬನ ಹೆಗಲಿಗೇ ಬಂದರೆ ಆಗುವುದೇನು?

ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳುವುದಕ್ಕಿಂತ ಒಂದು ಚರಿತ್ರೆಯನ್ನು ನೋಡುವುದು ಮೇಲು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಜೋಸೆಫ್ ಸ್ಟೋರಿ ಎಂಬಾತನು ಸುಮಾರು ಮೂವತ್ತಮೂರು ವರ್ಷ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿದ್ದನು. ಅದರಲ್ಲಿ ಕೊನೆಯ ಹದಿನಾರು ವರ್ಷ, ಆ ಪದವಿಯನ್ನು ಬಿಡದೆಯೇ, ಹಾರ್ವರ್ಡ್ ವಿದ್ಯಾಪೀಠದಲ್ಲಿ ಕಾನೂನಿನ ಪ್ರಾಧ್ಯಾಪಕನೂ ಆಗಿದ್ದನು. ಎರಡು ಪೀಠಗಳಲ್ಲಿಯೂ ಆತನು ದೊಡ್ಡವನೆನಿಸಿಕೊಂಡನು. ಎರಡೂ ಒಂದನ್ನೊಂದು ಎಲ್ಲಿ ಪೋಷಿಸಿದುವು, ಎಲ್ಲಿ ಘರ್ಷಿಸಿದುವು ಎಂಬುದು ಆತನ ಜೀವನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸ್ಟೋರಿಯು ಹುಟ್ಟಿದುದು ೧೭೭೯ನೆಯ ಸೆಪ್ಟೆಂಬರ್ ೧೮ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಮಾರ್ಬಲ್‌ಹೆಡ್ ಎಂಬ ಮೀನುಗಾರರ ಊರಿನಲ್ಲಿ. ಅಮೆರಿಕವು ಇಂಗ್ಲೆಂಡಿನೊಡನೆ ಸ್ವಾತಂತ್ರ್ಯಕ್ಕಾಗಿ ಯುದ್ಧಮಾಡುತ್ತಿದ್ದ ಕಾಲವದು. ತಂದೆ ವೈದ್ಯನು, ೧೭೭೩ರಲ್ಲಿ ಬಾಸ್ಟನ್ ಬಂದರಿನಲ್ಲಿ ಆಂಗ್ಲರ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದವರ ಗುಂಪಿನಲ್ಲಿ ಆತನೂ ಇದ್ದನು. ಮಗನು ೧೭೯೮ರಲ್ಲಿ ಹಾರ್ವರ್ಡಿನಲ್ಲಿ ಪದವೀಧರನಾಗಿ, ಆ ಕಾಲದ ಪದ್ಧತಿಯಂತೆ ವಕೀಲರ ಕಚೇರಿಯಲ್ಲಿ ಕುಳಿತು ಕಾನೂನನ್ನು ಕಲಿತನು. ೧೮೦೧ರಲ್ಲಿ ಸೇಲಂ ಪಟ್ಟಣದಲ್ಲಿ ವಕೀಲಿಯನ್ನು ಆರಂಭಿಸಿದನು. ಸಾಹಿತ್ಯಪ್ರಿಯರಾದ ನಮ್ಮ ವಾಚಕರಿಗೆ ಇಲ್ಲಿ ಒಂದು ಮಾತನ್ನು ಹೇಳಬಹುದು. ಆ ತಾರುಣ್ಯದಲ್ಲಿ ಸ್ಟೋರಿಯು ಏಕಾಂತವನ್ನು ಕುರಿತು ಒಂದು ಕಾವ್ಯವನ್ನು ಅಚ್ಚು ಹಾಕಿಸಿದನು. ಮುಂದೆ ಅದರಲ್ಲಿ ಜುಗುಪ್ಸೆ ಹುಟ್ಟಿ, ಸಿಕ್ಕಿದ ಪ್ರತಿಗಳನ್ನೆಲ್ಲ ಕೊಂಡು ಸುಟ್ಟುಬಿಟ್ಟನೆಂದು ಹೇಳುವರು. ತನ್ನ ಬರಹಕ್ಕೆ ತಾನೇ ಇಷ್ಟು ಕಠಿಣವಾಗಿ ತೀರ್ಪು ಕೊಟ್ಟವರು ವಿರಳ.

೧೮೧೦ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶನೊಬ್ಬನು ಕಾಲವಾದನು. ಅಧ್ಯಕ್ಷನಾದ ಮ್ಯಾಡಿಸನ್ನನು ಆ ಸ್ಥಾನಕ್ಕೆ ಮೊದಲು ಆರಿಸಿದವನು ಒಲ್ಲೆನೆಂದನು. ಎರಡನೆಯವನನ್ನು ಸೆನೆಟ್ ಸಭೆ ನಿರಾಕರಿಸಿತು. ಮೂರನೆಯವನಾದ ಜಾನ್ ಕ್ವಿನ್ಸಿ ಆಡಮ್ಸನು, ಸಭೆಯ ಒಪ್ಪಿಗೆ ದೊರೆತಿದ್ದರೂ, ಪದವಿಯನ್ನು ಸ್ವೀಕರಿಸಲಿಲ್ಲ. ನಾಲ್ಕನೆಯ ಸಲ ಸ್ಟೋರಿಯ ಹೆಸರು ಬಂದಿತು. ೧೮೧೧ನೆಯ ನವೆಂಬರಿನಲ್ಲಿ ನೇಮಕವಾದಾಗ ಆತನಿಗೆ ಮೂವತ್ತೆರಡು ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪೀಠವನ್ನೇರಿದವನು ಅಂದಿನಿಂದ ಇಂದಿನವರೆಗೆ ಮತ್ತೊಬ್ಬನಿಲ್ಲ. ವಾರ್ಷಿಕ ವೇತನ ಆಗ ೩೫೦೦ ಡಾಲರು; ವಕೀಲಿಯ ಸಂಪಾದನೆಗಿಂತ ಅದು ಕಡಿಮೆಯೇ.

ಆಗಿನ ನ್ಯಾಯಾಧೀಶರ ಕೆಲಸ ಇಂದಿನಂತೆ ಒಂದೇ ಊರಿನಲ್ಲಿ ಕುಳಿತು ಮಾಡುವುದಾಗಿರಲಿಲ್ಲ. ಚಳಿಗಾಲದಲ್ಲಿ ಅವರೆಲ್ಲರೂ ವಾಷಿಂಗ್ಟನ್ ನಗರದಲ್ಲಿ ಸೇರಿ, ಒಂದೇ ಭೋಜನಗೃಹದಲ್ಲಿ ಒಟ್ಟಿಗೆ ಇಳಿದುಕೊಂಡು, ಕೆಲವು ವಾರಗಳ ಕಾಲ ಮೇಲ್ಮನವಿಗಳನ್ನು ಕೇಳುತ್ತಿದ್ದರು. ಮಿಕ್ಕ ಕಾಲದಲ್ಲಿ ಪ್ರತಿಯೊಬ್ಬನೂ ತನ್ನ ಪಾಲಿನ ಸಂಸ್ಥಾನಗಳಲ್ಲಿ ಊರೂರು ಸಂಚರಿಸುತ್ತ ವ್ಯಾಜ್ಯಗಳನ್ನು ವಿಚಾರಿಸಬೇಕಾಗಿತ್ತು. ಸ್ಟೋರಿಯ ಪಾಲಿಗೆ ಬಂದುದು ಈಶಾನ್ಯದ ಸಮುದ್ರತೀರ. ಹಡಗುಗಳ, ವಿಮೆಯ, ವ್ಯಾಪಾರಸರಕಿನ ವ್ಯಾಜ್ಯಗಳೇ ಅಲ್ಲಿ ಹೆಚ್ಚು. ಹೀಗೆ ನೌಕಾವ್ಯವಹಾರದಲ್ಲಿ ಆತನ ಪಾಂಡಿತ್ಯ ಬೆಳೆಯಿತು. ೧೮೧೬ರಲ್ಲಿ ಮಾರ್ಟಿನ್ ಮತ್ತು ಹಂಟರನ ಗೇಣಿದಾರನ ವ್ಯಾಜ್ಯದಲ್ಲಿ ಆತನು ಬರೆದ ನಿರ್ಣಯವು ದೇಶದ ಕಟ್ಟಡಕ್ಕೆ ಒಂದು ಮೂಲೆಗಲ್ಲಾಯಿತು. ರಾಜ್ಯಾಂಗದ ಅರ್ಥಕ್ಕೆ ಸಂಬಂಧಿಸಿದ ವಿಷಯದಲ್ಲಿ ಸಂಸ್ಥಾನಗಳ ಕೋರ್ಟುಗಳು ಕೊಟ್ಟ ತೀರ್ಪುಗಳನ್ನೂ ಸುಪ್ರೀಂ ಕೋರ್ಟು ಪರಿಶೀಲಿಸಬಹುದೆಂದು ಅಲ್ಲಿ ಸ್ಥಾಪಿತವಾಯಿತು. ಅದು ಇಂದಿಗೂ ನಿಂತಿದೆ.

ಇನ್ನು ವ್ಯಾಸಪೀಠದ ಕಡೆಗೆ ಬರೋಣ. ಹಾರ್ವರ್ಡಿನಲ್ಲಿ ಕಾನೂನಿನ ಶಾಲೆ ೧೮೧೭ರಲ್ಲಿಯೇ ಸ್ಥಾಪಿತವಾಗಿತ್ತು. ಐಸಾಕ್ ರಾಯಲ್ ಎಂಬ ಧನಿಕನು ಬಿಟ್ಟುಹೋಗಿದ್ದ ಆಸ್ತಿಯಿಂದ ಅಲ್ಲಿ ಮೊದಲನೆಯ ಅಧ್ಯಾಪಕಪೀಠ ಏರ್ಪಟ್ಟಿತು. ಅದನ್ನು ಮೊದಲು ಅಲಂಕರಿಸಿದ ಐಸಾಕ್ ಪಾರ್ಕರನೂ ಮ್ಯಾಸಚೂಸೆಟ್ಸಿನ ಮುಖ್ಯ ನ್ಯಾಯಾಧೀಶನೇ. ಆದರೆ ಶಾಲೆ ಏಳಿಗೆ ಹೊಂದಲಿಲ್ಲ. ಕಾನೂನನ್ನು ಕಲಿಯಲು ವಕೀಲರ ಕಚೇರಿಯಲ್ಲಿ ಕಾಗದಗಳ ನಕಲು ಮಾಡುವುದೇ ಸಾಕೆಂದು ಜನರು ನಂಬಿದ್ದರು. ೧೮೨೯ರ ವೇಳೆಗೆ ಶಾಲೆಯಲ್ಲಿ ಒಬ್ಬನೇ ವಿದ್ಯಾರ್ಥಿ ಉಳಿದಿದ್ದನೆಂದು ಅದರ ಚರಿತ್ರೆಯಲ್ಲಿ ಹೇಳಿದೆ.

ಆಗ ನೇಥನ್ ಡೇನ್ ಎಂಬ ವೃದ್ಧ ವಕೀಲನು ಮುಂದೆ ಬಂದನು. ಅಮೆರಿಕದ ಕಾನೂನನ್ನೆಲ್ಲ ಸಂಗ್ರಹಿಸಿ ಹಲವು ಸಂಪುಟಗಳ ದೊಡ್ಡ ಗ್ರಂಥವನ್ನು ರಚಿಸಿ, ಅದರಿಂದ ಬಂದ ಹಣದಲ್ಲಿ ೧೦,೦೦೦ ಡಾಲರುಗಳನ್ನು ಶಾಲೆಗೆ ಕೊಡುವೆನೆಂದನು. ಆದರೆ ಒಂದು ನಿಯಮ: ಆ ಪೀಠದ ಮೊದಲನೆಯ ಪ್ರಾಧ್ಯಾಪಕನು ಜೋಸೆಫ್ ಸ್ಟೋರಿಯೇ ಆಗಬೇಕು, ಉಪನ್ಯಾಸಗಳನ್ನು ಬರೆದು ಪ್ರಕಟಿಸಬೇಕು. ಸ್ಟೋರಿಯು ಒಪ್ಪಿ ಸೇಲಮ್ಮಿನಿಂದ ಕೇಂಬ್ರಿಜ್ಜಿಗೆ ಮನೆಯನ್ನು ಬದಲಾಯಿಸಿ, ೧೮೨೯ನೆಯ ಆಗಸ್ಟ್ ೨೫ರಂದು ಪ್ರಾರಂಭೋಪನ್ಯಾಸವನ್ನು ಮಾಡಿದನು.

ಈ ಎರಡು ದಾನಗಳ ಮೂಲವನ್ನು ವಾಚಕರು ಗಮನಿಸಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ. ರಾಯಲ್ ಮನೆತನದ ಐಶ್ವರ್ಯವು ಆಂಟಿಗುವಾ ದ್ವೀಪದ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಹುಟ್ಟಿದುದು. ಡೇನನಾದರೋ, ಒಹಾಯೋ ನದಿಯ ವಾಯವ್ಯಕ್ಕಿರುವ ವಿಶಾಲ ಪ್ರದೇಶದಲ್ಲಿ ಗುಲಾಮಗಿರಿ ಕೂಡದೆಂದು ವಿಧಿಸಿದ ೧೭೮೭ರ ಶಾಸನದ ಕರಡನ್ನು ಬರೆದವನು. ಆದರೆ ಆ ಶಾಸನದ ಅದೇ ಪ್ರಕರಣದಲ್ಲಿಯೇ, ಓಡಿಬಂದ ಗುಲಾಮನನ್ನು ಒಡೆಯನು ಹಿಂದಕ್ಕೆ ಪಡೆಯಬಹುದೆಂಬ ಮಾತೂ ಸೇರಿತ್ತು. ಒಂದು ಕೈಯಿಂದ ಬಿಡುಗಡೆ, ಮತ್ತೊಂದು ಕೈಯಿಂದ ಹಗ್ಗ. ಆ ದೇಶದ ಅಂದಿನ ಧರ್ಮಸಂಕಟವೆಲ್ಲ ಈ ಒಂದು ಶಾಲೆಯ ಅಸ್ತಿಭಾರದಲ್ಲಿಯೇ ಅಡಗಿತ್ತೆಂದು ಹೇಳಬಹುದು. ರಾಯಲ್ ಮನೆತನದ ಲಾಂಛನವು ಬಹುಕಾಲ ಶಾಲೆಯ ಮುದ್ರೆಯಾಗಿದ್ದು, ೨೦೧೬ರಲ್ಲಿ ಅದನ್ನು ತೆಗೆದುಹಾಕಲಾಯಿತು.

ಅಂದಿನಿಂದ ಸ್ಟೋರಿಯ ವರ್ಷವು ಮೂರು ಭಾಗವಾಯಿತು: ಚಳಿಗಾಲ ವಾಷಿಂಗ್ಟನ್ನಿಗೆ, ವಸಂತ ಶರತ್ಕಾಲಗಳ ಕೆಲವು ವಾರಗಳು ಸಂಚಾರಕ್ಕೆ, ಉಳಿದುದೆಲ್ಲ ಶಾಲೆಗೆ. ಆತನಿಲ್ಲದಾಗ ಪಾಠವನ್ನು ನಡೆಯಿಸಲು ರಾಯಲ್ ಪೀಠದಲ್ಲಿ ಮೊದಲು ಆಶ್‌ಮನ್, ೧೮೩೩ರಿಂದ ಸೈಮನ್ ಗ್ರೀನ್‌ಲೀಫ್ ಎಂಬ ಸಹಾಧ್ಯಾಪಕರು ಇದ್ದರು. ಸ್ಟೋರಿಯು ಒಳ್ಳೆಯ ಮಾತುಗಾರ. ಗ್ರಂಥದ ಒಂದು ಭಾಗವನ್ನು ವಿದ್ಯಾರ್ಥಿಗಳು ಓದಿಕೊಂಡು ಬರುವುದು, ಆ ವಿಷಯವಾಗಿ ಗುರುವು ಪ್ರಶ್ನೆಗಳನ್ನು ಹಾಕುವುದು, ಉತ್ತರದ ಎಳೆಯನ್ನು ಹಿಡಿದು ತಾನು ವಿಚಾರಿಸಿದ ವ್ಯಾಜ್ಯಗಳನ್ನೂ ತಾನು ಕಂಡ ದೊಡ್ಡ ವಕೀಲರನ್ನೂ ವರ್ಣಿಸುವುದು—ಇದು ಆತನ ಕ್ರಮ. ಇದಲ್ಲದೆ ಅಣಕು ನ್ಯಾಯಸಭೆಗಳೂ ನಡೆಯುತ್ತಿದ್ದುವು. ವಿದ್ಯಾರ್ಥಿಗಳು ಎರಡು ಪಕ್ಷ ವಹಿಸಿ ವಾದಿಸುವರು; ನಿಜವಾದ ನ್ಯಾಯಾಧೀಶನೇ ಪೀಠದಲ್ಲಿ ಕುಳಿತು ಕೇಳುವನು. ನಮ್ಮ ಪಾಠಶಾಲೆಗಳ ವಾಕ್ಯಾರ್ಥಸಭೆಯನ್ನು ನೋಡಿದವರಿಗೆ ಇದರ ರುಚಿ ತಿಳಿದೀತು. ಪೂರ್ವಪಕ್ಷವನ್ನು ಬಲವಾಗಿ ಕಟ್ಟಲಾರದವನಿಗೆ ಸಿದ್ಧಾಂತದ ಬೆಲೆ ತಿಳಿಯದೆಂಬುದು ಅಲ್ಲಿಯೂ ನಿಯಮ, ಇಲ್ಲಿಯೂ ನಿಯಮ. ಒಬ್ಬನೇ ವಿದ್ಯಾರ್ಥಿಯಿದ್ದ ಶಾಲೆಯಲ್ಲಿ ಸ್ಟೋರಿಯ ಕೊನೆಗಾಲಕ್ಕೆ ನೂರೈವತ್ತಕ್ಕೂ ಮಿಕ್ಕಿ ಜನರು ನಾನಾ ಸಂಸ್ಥಾನಗಳಿಂದ ಬಂದು ಸೇರಿದ್ದರು.

ಡೇನನ ನಿಯಮದಂತೆ ಉಪನ್ಯಾಸಗಳು ಗ್ರಂಥಗಳಾದುವು. ಮೊದಲನೆಯದು ೧೮೩೨ರಲ್ಲಿ ಪ್ರಕಟವಾದ ನಿಕ್ಷೇಪಗಳ ವ್ಯಾಖ್ಯಾನ. ಮರಳಿಸಬೇಕೆಂಬ ನಂಬಿಕೆಯಿಂದ ಒಬ್ಬನ ವಸ್ತುವನ್ನು ಇನ್ನೊಬ್ಬನ ವಶಕ್ಕೆ ಕೊಡುವುದೆಲ್ಲ ಇದರಲ್ಲಿ ಸೇರಿತು. ಇದರ ತತ್ತ್ವವನ್ನು ನಮ್ಮ ಹಳ್ಳಿಯ ಉದಾಹರಣೆಗಳಿಂದಲೇ ತಿಳಿಯಬಹುದು. ನೆರೆಯವನ ಒಡವೆಯ ಗಂಟನ್ನು ಪ್ರತಿಫಲವಿಲ್ಲದೆ ಕಾಪಾಡುವವನಿಗೆ ಲಾಭವೇನೂ ಇಲ್ಲ; ಆದುದರಿಂದ ಅತಿಯಾದ ಅಲಕ್ಷ್ಯಕ್ಕೆ ಮಾತ್ರ ಅವನು ಹೊಣೆ. ನೆರೆಯವನ ಎತ್ತನ್ನು ಬಿಟ್ಟಿಯಾಗಿ ಎರವು ತಂದವನಿಗೆ ಲಾಭವೆಲ್ಲ ತನ್ನದೇ. ಆದುದರಿಂದ ಅಲ್ಪವಾದ ಅಲಕ್ಷ್ಯಕ್ಕೂ ಅವನು ಹೊಣೆ. ಬಾಡಿಗೆ ಕೊಟ್ಟು ತಂದರೆ ಲಾಭ ಇಬ್ಬರಿಗೂ; ಆಗ ಸಾಮಾನ್ಯವಾದ ಎಚ್ಚರ ಸಾಕು. ಈ ಮೂರು ಮೆಟ್ಟಿಲುಗಳ ವಿಭಾಗವನ್ನು ಸ್ಟೋರಿಗಿಂತ ಮೊದಲೇ, ೧೭೮೧ರಲ್ಲಿ, ಒಂದು ಚಿಕ್ಕ ಪ್ರಬಂಧದಲ್ಲಿ ಆಂಗ್ಲಭಾಷೆಯ ಓದುಗರಿಗೆ ಮನೋಹರವಾಗಿ ತಿಳಿಸಿದವನು ಸರ್ ವಿಲಿಯಂ ಜೋನ್ಸ್. ಸ್ಟೋರಿಯು ಆ ಪ್ರಬಂಧದ ತಳಹದಿಯ ಮೇಲೆಯೇ ತನ್ನ ಗ್ರಂಥವನ್ನು ಕಟ್ಟಿ, ಅಗತ್ಯವಾದೆಡೆ ಜೋನ್ಸನನ್ನು ತಿದ್ದಿದನು.

ಈ ಜೋನ್ಸನು ನಮಗೆ ಅಪರಿಚಿತನಲ್ಲ. ೧೭೮೩ರಲ್ಲಿ ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶನಾಗಿ ಬಂದು, ಪಂಡಿತರ ಬಳಿ ಕುಳಿತು ಸಂಸ್ಕೃತವನ್ನು ಕಲಿತು, ಮನುಸ್ಮೃತಿಯನ್ನು ಇಂಗ್ಲಿಷಿಗೆ ತಿರುಗಿಸಿದವನು ಆತನೇ. ಆ ಭಾಷಾಂತರವು ೧೭೯೪ರಲ್ಲಿ ಪ್ರಕಟವಾಯಿತು. ಮನುವು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಜೋನ್ಸನಲ್ಲಿ ನ್ಯಾಯಾಧೀಶನು ಶಿಷ್ಯನಾದನು. ಸ್ಟೋರಿಯಲ್ಲಿ ನ್ಯಾಯಾಧೀಶನು ಗುರುವಾದನು. ಭಾರತದಲ್ಲಿ ಇಂದಿಗೂ ನಡೆಯುತ್ತಿರುವ ೧೮೭೨ರ ಕರಾರು ಕಾಯಿದೆಯು ನಿಕ್ಷೇಪದ ವಿಷಯದಲ್ಲಿ ಇವರಿಬ್ಬರ ಮೂರು ಮೆಟ್ಟಿಲುಗಳನ್ನು ಬಿಟ್ಟು, ೧೫೧ನೆಯ ಪ್ರಕರಣದಲ್ಲಿ, ವಿವೇಕಿಯಾದ ಸಾಮಾನ್ಯನು ತನ್ನ ವಸ್ತುವಿನಲ್ಲಿಡುವಷ್ಟು ಎಚ್ಚರವೇ ಎಲ್ಲ ನಿಕ್ಷೇಪಗಳಿಗೂ ಅಳತೆಯೆಂದು ವಿಧಿಸಿತು.

ಈ ಗ್ರಂಥದ ಹಿಂದೆಯೇ ೧೮೩೩ರಲ್ಲಿ ರಾಜ್ಯಾಂಗದ ವ್ಯಾಖ್ಯಾನವು ಮೂರು ಸಂಪುಟಗಳಲ್ಲಿಯೂ, ೧೮೩೪ರಲ್ಲಿ ಬೇರೆ ಬೇರೆ ದೇಶಗಳ ಕಾನೂನುಗಳು ಒಂದೇ ವ್ಯಾಜ್ಯದಲ್ಲಿ ಎದುರುಬದುರಾದಾಗ ಯಾವುದು ನಡೆಯಬೇಕೆಂಬ ವಿಚಾರವಾದ ಗ್ರಂಥವೂ, ೧೮೩೬ರಲ್ಲಿ ಈಕ್ವಿಟಿ ಎಂಬ ಸಮನ್ಯಾಯದ ಗ್ರಂಥವೂ ಹೊರಬಂದುವು. ಮುಂದೆ ಏಜೆನ್ಸಿ, ಪಾಲುದಾರಿಕೆ, ಹುಂಡಿ, ಪ್ರಾಮಿಸರಿ ನೋಟು ಮುಂತಾದ ವಿಷಯಗಳ ಮೇಲೆಯೂ ಒಂದೊಂದಾಗಿ ಪ್ರಕಟವಾದುವು. ಹದಿಮೂರು ವರ್ಷಗಳಲ್ಲಿ ಒಂಬತ್ತು ಗ್ರಂಥಗಳು. ಅದೂ ನ್ಯಾಯಾಧೀಶನ ಕೆಲಸವನ್ನು ಬಿಡದೆ. ಇಂಗ್ಲೆಂಡಿನ ಪುಸ್ತಕಗಳನ್ನೇ ನೆಮ್ಮಿ ಬದುಕುತ್ತಿದ್ದ ದೇಶದ ಪುಸ್ತಕಗಳನ್ನು ಇಂಗ್ಲೆಂಡಿನ ನ್ಯಾಯಾಧೀಶರೂ ತೆರೆದು ನೋಡುವಂತಾಯಿತು. ತರಗತಿಯ ಮುಂದೆ ನಿಂತು ವಿವರಿಸಬೇಕಾದ ಕಷ್ಟವು ಇಲ್ಲದಿದ್ದರೆ ಇಷ್ಟು ಶಾಸ್ತ್ರವು ಕ್ರಮಗೊಳ್ಳುತ್ತಿರಲಿಲ್ಲ. ವ್ಯಾಜ್ಯಗಳ ಅನುಭವವಿಲ್ಲದಿದ್ದರೆ ಆ ಕ್ರಮಕ್ಕೆ ಜೀವ ಬರುತ್ತಿರಲಿಲ್ಲ. ಎರಡು ಪೀಠಗಳೂ ಪರಸ್ಪರ ಪೋಷಿಸಿದುದು ಹೀಗೆ.

ಘರ್ಷಣೆಗೆ ಎರಡು ಉದಾಹರಣೆಗಳು ಸಾಕು. ಮೊದಲನೆಯದು ಸೇತುವೆಯ ವ್ಯಾಜ್ಯ. ಬಾಸ್ಟನ್ನಿನ ಚಾರ್ಲ್ಸ್ ನದಿಗೆ ಸೇತುವೆ ಕಟ್ಟಿ ಸುಂಕ ಎತ್ತಿಕೊಳ್ಳಲು ೧೭೮೫ರಲ್ಲಿ ಒಂದು ಕಂಪೆನಿಗೆ ಸನದು ಕೊಟ್ಟಿದ್ದರು. ಮೊದಲು ಆ ಕಡವಿನ ದೋಣಿಯ ಉತ್ಪತ್ತಿ ಹಾರ್ವರ್ಡಿಗೆ ಸೇರುತ್ತಿದ್ದುದರಿಂದ, ಅದಕ್ಕೆ ಬದಲಾಗಿ ಕಂಪೆನಿಯು ವಿದ್ಯಾಪೀಠಕ್ಕೆ ವರ್ಷಕ್ಕೆ ೨೦೦ ಪೌಂಡು ಕೊಡಬೇಕಾಗಿತ್ತು. ೧೮೨೮ರಲ್ಲಿ ಸರಕಾರವು ಪಕ್ಕದಲ್ಲಿಯೇ ಇನ್ನೊಂದು ಸೇತುವೆಗೆ ಅನುಮತಿಯಿತ್ತಿತು. ಖರ್ಚು ತೀರಿದ ಮೇಲೆ ಅದು ಜನರಿಗೆ ಸುಂಕವಿಲ್ಲದೆ ತೆರೆಯತಕ್ಕದ್ದು. ಹಳೆಯ ಕಂಪೆನಿಯು ಮೊರೆಹೊಕ್ಕಿತು. ೧೮೩೭ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೊಸ ಸೇತುವೆಯ ಪರವಾಗಿ ನಿಂತು ವಾದಿಸಿದವನು ಯಾರು? ಸ್ಟೋರಿಯ ಸಹಾಧ್ಯಾಪಕನಾದ ಗ್ರೀನ್‌ಲೀಫನೇ. ತನ್ನ ವಿದ್ಯಾಪೀಠದ ಲಾಭಕ್ಕೆ ವಿರುದ್ಧವಾದ ಪಕ್ಷವನ್ನು ವಹಿಸಿ, ತನ್ನ ಮಿತ್ರನು ಕುಳಿತಿದ್ದ ಪೀಠದೆದುರಿಗೆ ಆತನು ವಾದಿಸಿ ಗೆದ್ದನು. ಬಹುಮತವು ಹೊಸ ಸೇತುವೆಗೆ ಒಲಿಯಿತು. ಕೊಟ್ಟ ಮಾತನ್ನು ರಾಜ್ಯವು ಮುರಿಯಬಾರದೆಂದು ಸ್ಟೋರಿಯು ದೀರ್ಘವಾದ ಭಿನ್ನಮತವನ್ನು ಬರೆದನು. ಬಳಿಕ ಇಬ್ಬರೂ ಕೇಂಬ್ರಿಜ್ಜಿಗೆ ಬಂದು ಒಂದೇ ಶಾಲೆಯಲ್ಲಿ ಪಾಠ ಮುಂದುವರಿಸಿದರು. ನ್ಯಾಯಾಧೀಶನು ಅಧ್ಯಾಪಕನಾಗಿರುವುದರಲ್ಲಿ ಮುಜುಗರವೆಷ್ಟಿದೆಯೆಂಬುದು ಇದರಿಂದ ತಿಳಿಯುತ್ತದೆ. ಮತಭೇದವು ಮೈತ್ರಿಯನ್ನು ಕೆಡಿಸಬೇಕಾಗಿಲ್ಲವೆಂಬ ಪಾಠವೂ ಶಿಷ್ಯರಿಗೆ ಇದರಿಂದ ದೊರೆತಿರಬೇಕು.

ಎರಡನೆಯದು ಇದಕ್ಕಿಂತ ಬಹಳ ಗುರುತರವಾದುದು. ಅದು ಗುಲಾಮಗಿರಿಯ ವಿಷಯ. ಸ್ಟೋರಿಯು ಗುಲಾಮವ್ಯಾಪಾರವನ್ನು ಮನಸಾ ದ್ವೇಷಿಸಿದವನು. ೧೮೨೨ರಲ್ಲಿ ಆಫ್ರಿಕದ ತೀರದಲ್ಲಿ ಹಿಡಿಯಲ್ಪಟ್ಟ ಫ್ರೆಂಚ್ ಹಡಗೊಂದರ ವ್ಯಾಜ್ಯದಲ್ಲಿ, ಮನುಷ್ಯರನ್ನು ಹಿಡಿದು ಮಾರುವುದು ಸರ್ವರಾಷ್ಟ್ರಗಳ ಧರ್ಮಕ್ಕೇ ವಿರುದ್ಧವೆಂದು ನಿರ್ಣಯಿಸಿದನು. ಆತನ ಪರಮ ಪೂಜ್ಯನಾದ ಮುಖ್ಯ ನ್ಯಾಯಾಧೀಶ ಮಾರ್ಷಲನೇ ೧೮೨೫ರಲ್ಲಿ ಇದನ್ನೊಪ್ಪಲಿಲ್ಲ. ೧೮೪೧ರಲ್ಲಿ ಅಮಿಸ್ಟಾಡ್ ಹಡಗಿನ ಪ್ರಸಂಗ ಬಂದಿತು. ಆಫ್ರಿಕದಿಂದ ಕಾನೂನಿಗೆ ವಿರುದ್ಧವಾಗಿ ಕ್ಯೂಬಕ್ಕೆ ತಂದು ಮಾರಿದ್ದ ಐವತ್ತಮೂರು ಮಂದಿ, ೧೮೩೯ರಲ್ಲಿ ಹಡಗಿನಲ್ಲಿ ದಂಗೆಯೆದ್ದು ಅದನ್ನು ವಶಪಡಿಸಿಕೊಂಡಿದ್ದರು. ಅವರ ಪರವಾಗಿ ವಾದಿಸಿದವನು, ಒಮ್ಮೆ ಸ್ಟೋರಿಯ ಪೀಠವನ್ನು ಬೇಡವೆಂದಿದ್ದ ಆ ಜಾನ್ ಕ್ವಿನ್ಸಿ ಆಡಮ್ಸನೇ. ಅಷ್ಟರಲ್ಲಿ ಆತನು ದೇಶದ ಅಧ್ಯಕ್ಷಪದವಿಯನ್ನೂ ಪೂರೈಸಿದ್ದ ವೃದ್ಧ. ಅವರು ಯಾರ ಸೊತ್ತೂ ಅಲ್ಲ, ಸ್ವತಂತ್ರರು ಎಂದು ತೀರ್ಪು ಬರೆದವನು ಸ್ಟೋರಿ. ಬದುಕಿ ಉಳಿದಿದ್ದವರು ತಮ್ಮ ನಾಡಿಗೆ ಮರಳಿದರು.

ಅದಾದ ಮರುವರ್ಷವೇ, ೧೮೪೨ರಲ್ಲಿ, ಪ್ರಿಗ್ ಮತ್ತು ಪೆನ್ಸಿಲ್ವೇನಿಯಾ ಸಂಸ್ಥಾನದ ವ್ಯಾಜ್ಯ ಬಂದಿತು. ಮಾರ್ಗರೆಟ್ ಮಾರ್ಗನ್ ಎಂಬ ನೀಗ್ರೋ ಹೆಂಗಸು ಮೇರಿಲ್ಯಾಂಡಿನಲ್ಲಿ ಗುಲಾಮರ ಮಗಳಾಗಿ ಹುಟ್ಟಿ, ಸ್ವತಂತ್ರಳಂತೆಯೇ ಬೆಳೆದು, ಸ್ವತಂತ್ರನೊಬ್ಬನನ್ನು ಮದುವೆಯಾಗಿ, ೧೮೩೨ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋಗಿ ಸಂಸಾರ ಹೂಡಿದ್ದಳು. ೧೮೩೭ರಲ್ಲಿ ಎಡ್ವರ್ಡ್ ಪ್ರಿಗ್ ಎಂಬವನು ಸಂಗಡಿಗರೊಡನೆ ಬಂದು ಅವಳನ್ನೂ ಮಕ್ಕಳನ್ನೂ ಹಿಡಿದು ಮೇರಿಲ್ಯಾಂಡಿಗೆ ಒಯ್ದನು. ಆ ಮಕ್ಕಳಲ್ಲಿ ಸ್ವತಂತ್ರ ನೆಲದಲ್ಲಿ ಹುಟ್ಟಿದ ಕೂಸೂ ಇತ್ತು. ಹೀಗೆ ಹಿಡಿದೊಯ್ಯುವುದು ಪೆನ್ಸಿಲ್ವೇನಿಯಾದ ಕಾಯಿದೆಯಂತೆ ಅಪರಾಧ; ಅಲ್ಲಿನ ಕೋರ್ಟು ಪ್ರಿಗ್ಗನನ್ನು ಅಪರಾಧಿಯೆಂದಿತು. ಸುಪ್ರೀಂ ಕೋರ್ಟಿನ ಪರವಾಗಿ ನಿರ್ಣಯವನ್ನು ಬರೆದವನು ಸ್ಟೋರಿ. ಓಡಿಹೋದ ಗುಲಾಮನನ್ನು ಒಪ್ಪಿಸಬೇಕೆಂದು ರಾಜ್ಯಾಂಗವೇ ಹೇಳುತ್ತದೆ, ೧೭೯೩ರ ಕೇಂದ್ರ ಕಾಯಿದೆಯು ಸಿಂಧು, ಅದಕ್ಕೆ ಅಡ್ಡಬರುವ ಪೆನ್ಸಿಲ್ವೇನಿಯಾದ ಕಾಯಿದೆ ಅಸಿಂಧು, ಪ್ರಿಗ್ ನಿರಪರಾಧಿ. ತಾಯಿಯ ಗತಿಯೇನು, ಆ ಕೂಸಿನ ಗತಿಯೇನು ಎಂಬ ಪ್ರಶ್ನೆಗೆ ಆ ನಿರ್ಣಯದಲ್ಲಿ ಸ್ಥಳವಿರಲಿಲ್ಲ.

ಅದೇ ನಿರ್ಣಯದಲ್ಲಿ ಮತ್ತೊಂದು ಮಾತೂ ಇತ್ತು. ಇದು ಕೇಂದ್ರಕ್ಕೇ ಸೇರಿದ ಅಧಿಕಾರವಾದುದರಿಂದ, ಗುಲಾಮರನ್ನು ಹಿಡಿದುಕೊಡುವುದರಲ್ಲಿ ಸಹಾಯಮಾಡಲೇಬೇಕೆಂದು ಸಂಸ್ಥಾನಗಳ ಅಧಿಕಾರಿಗಳನ್ನು ನಿರ್ಬಂಧಿಸಲಾಗದು ಎಂಬುದೇ ಅದು. ಈ ಸಂದಿಯನ್ನು ಹಿಡಿದು ಮ್ಯಾಸಚೂಸೆಟ್ಸ್ ಸಂಸ್ಥಾನವು ೧೮೪೩ರಲ್ಲಿ ತನ್ನ ಅಧಿಕಾರಿಗಳು ಇಂಥ ಕೆಲಸಕ್ಕೆ ಕೈಹಾಕಕೂಡದೆಂದು ಕಾಯಿದೆ ಮಾಡಿತು. ಬೇರೆ ಸಂಸ್ಥಾನಗಳೂ ಅನುಸರಿಸಿದುವು. ತಂದೆಯು ಇದನ್ನು ಸ್ವಾತಂತ್ರ್ಯದ ಜಯವೆಂದೇ ಭಾವಿಸಿದ್ದನೆಂದು ಮಗನಾದ ವಿಲಿಯಂ ಸ್ಟೋರಿಯು ೧೮೫೧ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಬರೆದನು. ಆದರೆ ತೀರ್ಪಾದ ಕೆಲವೇ ವಾರಗಳಲ್ಲಿ ಸ್ಟೋರಿಯು ಒಬ್ಬ ಸೆನೆಟ್ ಸದಸ್ಯನಿಗೆ ಪತ್ರ ಬರೆದು, ಕೇಂದ್ರದ ಕಮಿಷನರುಗಳಿಗೆ ಅಧಿಕಾರ ಕೊಟ್ಟು ಆ ಕೊರತೆಯನ್ನು ತುಂಬಬಹುದೆಂಬ ಸೂಚನೆಯನ್ನು ಕೊಟ್ಟಿದ್ದನು. ೧೮೫೦ರ ಕ್ರೂರವಾದ ಕಾಯಿದೆಯು ಕಮಿಷನರುಗಳ ಮೂಲಕವೇ ನಡೆಯಿತು. ಆದುದರಿಂದ ಮಗನ ಸಮರ್ಥನೆಯನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ದೇಶವು ಒಡೆಯದಿರಬೇಕೆಂಬುದು ಸ್ಟೋರಿಗೆ ಸರ್ವಧರ್ಮಗಳ ಧರ್ಮವಾಗಿತ್ತು. ಆ ಹೋಮಕ್ಕೆ ಮಾರ್ಗರೆಟ್ ಮಾರ್ಗನ್ನಳು ಆಹುತಿಯಾದಳು. ಕಾನೂನನ್ನು ಬಲ್ಲವನಿಗೆ ಅದು ಅನ್ಯಾಯವೆಂದು ತಿಳಿದಿದ್ದೂ ನಡೆಯಿಸಬೇಕಾಗಿ ಬರುವ ದುಃಖವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ದುಃಖದ ಬೆಲೆಯನ್ನು ತೆತ್ತವಳು ನ್ಯಾಯಾಧೀಶನಲ್ಲ, ಆ ಹೆಂಗಸು.

ಈಗ ಶಿಷ್ಯರ ಕಡೆಗೆ ತಿರುಗೋಣ. ಚಾರ್ಲ್ಸ್ ಸಮ್ನರ್ ಎಂಬವನು ಸ್ಟೋರಿಗೆ ಮಗನಂತೆ ಪ್ರಿಯನಾಗಿದ್ದವನು. ಗುರುವು ವಾಷಿಂಗ್ಟನ್ನಿಗೆ ಹೋದಾಗ ಆತನ ಸ್ಥಾನದಲ್ಲಿ ಪಾಠ ಹೇಳಿದವನು. ಆತನು ೧೮೫೧ರಲ್ಲಿ ಸೆನೆಟ್ ಸಭೆಯನ್ನು ಸೇರಿ, ಮರುವರ್ಷ, ಗುಲಾಮರನ್ನು ಹಿಡಿದೊಪ್ಪಿಸುವ ಕಾಯಿದೆಯನ್ನು ರದ್ದುಮಾಡಬೇಕೆಂದು ಗಂಟೆಗಟ್ಟಲೆ ಮಾತನಾಡಿದನು. ಆತನ ಪಕ್ಷಕ್ಕೆ ಬಿದ್ದುವು ನಾಲ್ಕು ಮತಗಳು, ವಿರೋಧವಾಗಿ ನಲವತ್ತೇಳು. ವೆಂಡೆಲ್ ಫಿಲಿಪ್ಸ್ ಎಂಬ ಮತ್ತೊಬ್ಬ ಶಿಷ್ಯನು ಬೇರೆಯ ದಾರಿ ಹಿಡಿದನು. ರಾಜ್ಯಾಂಗವು ಗುಲಾಮರ ಒಡೆಯರನ್ನು ಕಾಪಾಡುತ್ತದೆಂಬ ಅರ್ಥವನ್ನು ಆತನು ಒಪ್ಪಿದನು. ಒಪ್ಪಿ, ಅಂಥ ರಾಜ್ಯಾಂಗವೇ ತನಗೆ ಬೇಡವೆಂದು ವಕೀಲಿಯನ್ನು ತೊರೆದು ಊರೂರುಗಳಲ್ಲಿ ಭಾಷಣ ಮಾಡಿದನು. ರಿಚರ್ಡ್ ಹೆನ್ರಿ ಡೇನನು ಓಡಿಬಂದ ಗುಲಾಮರ ಪರವಾಗಿ ಬಾಸ್ಟನ್ನಿನ ಕಚೇರಿಗಳಲ್ಲಿ ವಾದಿಸಿದನು. ೧೮೪೫ರಲ್ಲಿ ಓದು ಮುಗಿಸಿದ ರದರ್‌ಫರ್ಡ್ ಹೇಸನು ಸಿನ್ಸಿನಾಟಿಯಲ್ಲಿ ಅದೇ ಕೆಲಸವನ್ನು ಮಾಡಿದನು. ೧೮೭೭ರಲ್ಲಿ ದೇಶದ ಅಧ್ಯಕ್ಷನೂ ಆದನು. ಇವರೆಲ್ಲರಿಗಿಂತ ವಿಚಿತ್ರವಾದುದು ಬೆಂಜಮಿನ್ ಕರ್ಟಿಸನ ಚರಿತ್ರೆ. ೧೮೩೬ರಲ್ಲಿ, ಒಡತಿಯೊಡನೆ ಬಾಸ್ಟನ್ನಿಗೆ ಬಂದ ಗುಲಾಮ ಬಾಲಿಕೆಯೊಬ್ಬಳ ವ್ಯಾಜ್ಯದಲ್ಲಿ ಆತನು ಒಡೆಯರ ಪರವಾಗಿ ವಾದಿಸಿ ಸೋತನು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿ, ೧೮೫೭ರಲ್ಲಿ ಡ್ರೆಡ್ ಸ್ಕಾಟನ ವ್ಯಾಜ್ಯದಲ್ಲಿ ನೀಗ್ರೋಗಳು ದೇಶದ ಪ್ರಜೆಗಳೇ ಆಗಲಾರರೆಂದು ಬಹುಮತವು ಸಾರಿದಾಗ, ಆ ಮಾತು ಸುಳ್ಳೆಂದು ಚರಿತ್ರೆಯ ಆಧಾರಗಳಿಂದ ತೋರಿಸುವ ಭಿನ್ನಮತವನ್ನು ಬರೆದು, ಅದೇ ವರ್ಷ ಪದವಿಯನ್ನು ಬಿಟ್ಟುಹೋದನು.

ಇವರಲ್ಲಿ ಒಬ್ಬರ ದಾರಿ ಇನ್ನೊಬ್ಬರದಲ್ಲ. ಗುರುವಿನ ದಾರಿಯಂತೂ ಯಾರದೂ ಅಲ್ಲ. ಆದರೆ ಅವರು ಬಳಸಿದ ಆಯುಧಗಳು ಆತನು ಕೊಟ್ಟವೇ. ಮೂಲವನ್ನು ತೆರೆದು ನೋಡುವುದು, ಎದುರುಪಕ್ಷವನ್ನು ಅದರ ಬಲದೊಡನೆ ಅರಿಯುವುದು, ತೀರ್ಪನ್ನು ಕಾರಣಗಳಿಂದ ಅಳೆಯುವುದು—ಇವನ್ನು ಕಲಿತವನು ಒಂದು ದಿನ ಗುರುವಿನ ತೀರ್ಪನ್ನೂ ಅಳೆಯದೆ ಇರಲಾರನು. ಶಿಷ್ಯನ ಕೈಯಲ್ಲಿ ಸೋಲುವುದು ಗುರುವಿಗೆ ಗೆಲುವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ವಿನಯದ ಮಾತೆಂದು ಕೆಲವರು ತಿಳಿಯುತ್ತಾರೆ. ಸ್ಟೋರಿಯ ಚರಿತ್ರೆಯನ್ನು ನೋಡಿದರೆ ಅದು ವಿದ್ಯೆಯ ಸ್ವಭಾವವನ್ನೇ ಹೇಳುವ ಮಾತೆಂದು ತೋರುತ್ತದೆ.

ಕಾಲವು ಆತನ ತೀರ್ಪುಗಳನ್ನು ಒಂದೇ ಬಗೆಯಾಗಿ ನಡೆಯಿಸಿಕೊಳ್ಳಲಿಲ್ಲ. ೧೮೬೫ರಲ್ಲಿ ರಾಜ್ಯಾಂಗದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿಯೇ ಅಳಿದು, ಪ್ರಿಗ್ಗನ ವ್ಯಾಜ್ಯದ ನಿರ್ಣಯಕ್ಕೆ ನೆಲೆಯಿಲ್ಲದಾಯಿತು. ಅದೇ ೧೮೪೨ರಲ್ಲಿ ಸ್ವಿಫ್ಟ್ ಮತ್ತು ಟೈಸನ್ನರ ಹುಂಡಿಯ ವ್ಯಾಜ್ಯದಲ್ಲಿ, ವ್ಯಾಪಾರದ ಸಾಮಾನ್ಯ ನಿಯಮಗಳನ್ನು ಕೇಂದ್ರದ ಕೋರ್ಟುಗಳು ಸಂಸ್ಥಾನಗಳ ತೀರ್ಪಿಗೆ ಕಟ್ಟುಬೀಳದೆ ತಾವೇ ನಿರ್ಣಯಿಸಬಹುದೆಂದು ಸ್ಟೋರಿಯು ಸಾರಿದ್ದನು. ತೊಂಬತ್ತಾರು ವರ್ಷ ನಡೆದ ಆ ಮತವನ್ನು ೧೯೩೮ರಲ್ಲಿ ಸುಪ್ರೀಂ ಕೋರ್ಟೇ ತೊಡೆದುಹಾಕಿತು. ಶಾಲೆ ಮಾತ್ರ ಬೆಳೆಯುತ್ತಲೇ ಹೋಯಿತು. ಅಲ್ಲಿಯೂ ಆತನ ಪಾಠಕ್ರಮವು ಉಳಿಯಲಿಲ್ಲ. ೧೮೭೦ರಿಂದ ಲ್ಯಾಂಗ್ಡೆಲ್ ಎಂಬ ಮುಖ್ಯಾಧ್ಯಾಪಕನು, ವ್ಯಾಖ್ಯಾನಗ್ರಂಥಗಳನ್ನು ಬದಿಗಿಟ್ಟು ಮೂಲ ತೀರ್ಪುಗಳನ್ನೇ ವಿದ್ಯಾರ್ಥಿಗಳ ಕೈಗೆ ಕೊಟ್ಟು ಪ್ರಶ್ನಿಸುವ ಪದ್ಧತಿಯನ್ನು ತಂದನು.

ಗೃಹಜೀವನದಲ್ಲಿ ಸ್ಟೋರಿಯು ಬಹಳ ನೊಂದವನು. ಮೊದಲನೆಯ ಪತ್ನಿಯು ಮದುವೆಯಾದ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಎರಡನೆಯ ವಿವಾಹದಿಂದ ಜನಿಸಿದ ಏಳು ಮಕ್ಕಳಲ್ಲಿ ದೊಡ್ಡವರಾಗಿ ಉಳಿದವರು ಇಬ್ಬರೇ. ೧೮೩೧ರಲ್ಲಿ ಹತ್ತು ವರ್ಷದ ಮಗಳನ್ನು ಕಳೆದುಕೊಂಡನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂಬ್ರಿಜ್ಜಿನ ಮೌಂಟ್ ಆಬರ್ನ್ ಎಂಬ ಹೊಸ ಸ್ಮಶಾನೋದ್ಯಾನದ ಪ್ರತಿಷ್ಠಾಭಾಷಣವನ್ನು ಮಾಡಬೇಕಾದವನೂ ಆತನೇ ಆದನು. ಆತನು ಒಂಬತ್ತು ಗ್ರಂಥಗಳ ಕೆಲಸವನ್ನು ಹೂಡಿದುದು ಆ ದುಃಖದ ಬೆನ್ನಿಗೆ.

೧೮೩೫ರಲ್ಲಿ ಮಾರ್ಷಲನು ಗತಿಸಿದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಾನೊಬ್ಬನೇ ಹಳಬನಾಗಿ ಉಳಿದೆನೆಂಬ ಭಾವನೆ ಸ್ಟೋರಿಯನ್ನು ಬಾಧಿಸುತ್ತಿತ್ತು. ೧೮೪೫ರಲ್ಲಿ ಆತನು ಒಂದು ಪೀಠವನ್ನು ಬಿಡಲು ನಿಶ್ಚಯಿಸಿದನು. ಬಿಡಲು ನಿಶ್ಚಯಿಸಿದುದು ವ್ಯಾಸಪೀಠವನ್ನಲ್ಲ, ನ್ಯಾಯಪೀಠವನ್ನು. ಉಳಿದ ಆಯುಷ್ಯವನ್ನೆಲ್ಲ ಪಾಠ ಹೇಳುವುದರಲ್ಲಿ ಕಳೆಯಬೇಕೆಂಬುದು ಆತನ ಸಂಕಲ್ಪ. ಬಾಕಿ ಉಳಿದಿದ್ದ ವ್ಯಾಜ್ಯಗಳನ್ನು ಮುಗಿಸುವ ಶ್ರಮದಲ್ಲಿರುವಾಗಲೇ ಕಾಯಿಲೆ ಬಿದ್ದು, ಅರುವತ್ತಾರು ತುಂಬಲು ಎಂಟು ದಿನಗಳಿರುವಾಗ, ಸೆಪ್ಟೆಂಬರ್ ೧೦ರಂದು ತೀರಿಕೊಂಡನು. ದೇಹವು ಮೌಂಟ್ ಆಬರ್ನಿನಲ್ಲಿ, ಮಕ್ಕಳ ಬಳಿಯಲ್ಲಿ ಸೇರಿತು. ಕಾನೂನನ್ನು ಓದಿಯೂ ಶಿಲ್ಪಿಯಾದ ಮಗನು ಕಡೆದ ತಂದೆಯ ಅಮೃತಶಿಲೆಯ ಪ್ರತಿಮೆಯು ಹಾರ್ವರ್ಡಿನ ಶಾಲೆಯಲ್ಲಿದೆ.

ಮುಚ್ಚುವವನ ಕೆಲಸ, ತೆರೆಯುವವನ ಕೆಲಸ ಎರಡನ್ನೂ ಮಾಡಿದ ಈ ಮನುಷ್ಯನು ಕಟ್ಟಕಡೆಗೆ ಯಾವುದನ್ನು ಆರಿಸಿಕೊಂಡನೆಂಬುದು ಇದರಿಂದ ತಿಳಿಯುವುದು. ಆತನು ಮುಚ್ಚಿದ ಬಾಗಿಲುಗಳಲ್ಲಿ ಕೆಲವು ನ್ಯಾಯವಾಗಿಯೇ ಮುಚ್ಚಿದ್ದುವು, ಇಂದಿಗೂ ಭದ್ರವಾಗಿವೆ. ಮಾರ್ಗರೆಟ್ ಮಾರ್ಗನ್ನಳ ಎದುರಿಗೆ ಮುಚ್ಚಿದ ಬಾಗಿಲನ್ನಾದರೋ ಆತನ ಶಿಷ್ಯರು ಹೊರಗಿನಿಂದ ತಟ್ಟಬೇಕಾಯಿತು. ತಟ್ಟುವ ಶಕ್ತಿಯನ್ನು ಅವರಿಗೆ ಕಲಿಸಿದವನು ಆತನೇ ಎಂಬುದನ್ನು ಮರೆಯಲಾಗದು. ಆ ಕಾರಣದಿಂದ ಆಕೆಗಾದ ಅನ್ಯಾಯವು ಕಡಿಮೆಯಾಯಿತೆಂದು ಹೇಳಲೂ ಆಗದು.